ಕರ್ತನ ಪ್ರಾರ್ಥನೆಯ ಕಡೆಯ ಸಾಲು: ಬಿಟ್ಟವರು ಯಾರು, ಹಚ್ಚಿದವರು ಯಾರು?

ಬೀದರ್‌ನಲ್ಲಿ ಕ್ರೈಸ್ತರ ಮನೆಯ ಮದುವೆಗೋ ಮಣ್ಣಿಗೋ ಹೋಗಿ ಬಂದವರಿಗೆ ಈ ಗೊಂದಲ ಹೊಸದೇನಲ್ಲ. ನೆರೆದವರಲ್ಲಿ ಪ್ರೊಟೆಸ್ಟಂಟರ ಒಂದು ಪಂಗಡವಾದ ಮೆಥೋಡಿಸ್ಟರೂ ಇರುತ್ತಾರೆ, ಕಥೋಲಿಕರೂ ಇರುತ್ತಾರೆ. ಯಾರೋ ಹಿರಿಯರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಎತ್ತಿಕೊಡುತ್ತಾರೆ, ಎಲ್ಲರೂ ಕಣ್ಣು ಮುಚ್ಚಿ ದನಿಗೂಡಿಸುತ್ತಾರೆ. ಅಲ್ಲಲ್ಲಿ ಒಂದೆರಡು ಪದ ಬೇರೆಯಾದರೂ ‘ಕೇಡಿನಿಂದ’ ಎಂಬಲ್ಲಿಯತನಕ ಓಟ ಒಂದೇ. ಅಲ್ಲಿಗೆ ಬಂದಕೂಡಲೇ ಕಥೋಲಿಕರು ‘ಆಮೆನ್’ ಎಂದು ಶಿಲುಬೆ ಗುರುತಿಗೆ ಕೈ ಎತ್ತುತ್ತಾರೆ. ಪಕ್ಕದವರು ಮಾತ್ರ ‘ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ’ ಎಂದು ಮುಂದಕ್ಕೆ ಹೋಗಿರುತ್ತಾರೆ. ಎತ್ತಿದ ಕೈ ಹಣೆಯ ಹತ್ತಿರವೇ ನಿಲ್ಲುತ್ತದೆ.

ಆಮೇಲೆ ಚಹಾ ಕುಡಿಯುವಾಗ ಮಾತು ಬರುತ್ತದೆ. “ಯಾಕ್ರಿ ಅಣ್ಣಾರ, ನೀವು ಪ್ರಾರ್ಥನಿ ಅರ್ಧಕ್ಕ ಬಿಟ್ಟುಬಿಡ್ತೀರಿ?” “ನಾವೇನ್ ಬಿಟ್ಟಿಲ್ಲ ಬಿಡ್ರಿ, ಕಡೀ ಸಾಲು ನೀವೇ ಹಚ್ಚೀರಿ.” ಅಲ್ಲಿಗೆ ನಗುವಿನಲ್ಲಿ ಮುಗಿಯುತ್ತದೆ. ಯಾರಾದರೊಬ್ಬರು ಬೈಬಲ್ ತೆಗೆದರೆ ಮಾತ್ರ ಚಹಾ ಆರುತ್ತದೆ.

ನನ್ನ ಅಭಿಪ್ರಾಯದಲ್ಲಿ ಎರಡು ಉತ್ತರವೂ ತಪ್ಪು. ಆ ಸಾಲನ್ನು ಕಥೋಲಿಕರು ಕಿತ್ತುಹಾಕಲಿಲ್ಲ, ಪ್ರೊಟೆಸ್ಟಂಟರು ಹೊಸದಾಗಿ ಹೊಸೆಯಲೂ ಇಲ್ಲ. ಈ ಎರಡು ಬಣ ಬೇರೆಯಾಗುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಅದು ಇತ್ತು. ಆದರೆ ಇದ್ದದ್ದು ಪ್ರಾರ್ಥಿಸುವವರ ನಾಲಿಗೆಯ ಮೇಲೆ. ಪುಸ್ತಕಕ್ಕೆ ಅದು ಇಳಿದದ್ದು ನಂತರ.

ಈ ಪ್ರಶ್ನೆ ನಮ್ಮ ಭಾಗದಲ್ಲೇ ಇಷ್ಟು ಕೇಳಿಬರುವುದಕ್ಕೆ ಕಾರಣವಿದೆ. ನಿಜಾಮರ ಕಾಲದಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ, ಬೀದರ್ ಸೀಮೆಗೆ ಬಂದು ನೆಲೆಯೂರಿದ್ದು ಅಮೆರಿಕದ ಮೆಥೋಡಿಸ್ಟ್ ಮಿಷನ್. ಹಾಗಾಗಿ ಇಲ್ಲಿ ಕ್ರೈಸ್ತರೆಂದರೆ ಬಹುಪಾಲು ಮೆಥೋಡಿಸ್ಟರೇ. ಬೀದರ್‌ನ ಮಂಗಲಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಕಥೋಲಿಕರು ಕಡಿಮೆ. ಕಲಬುರಗಿಯನ್ನು ಕೇಂದ್ರವಾಗಿಟ್ಟು ಪ್ರತ್ಯೇಕ ಧರ್ಮಕ್ಷೇತ್ರ (ಬಿಷಪ್ಪರೊಬ್ಬರ ಆಡಳಿತದ ಸೀಮೆ) ಆದದ್ದೇ 2005ರಲ್ಲಿ, 16ನೇ ಬೆನೆಡಿಕ್ಟ್ ಪೋಪ್ ಆದ ವರ್ಷ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಥೋಲಿಕರು ತಮ್ಮತಮ್ಮವರ ನಡುವೆಯೇ ಜಪಸರ ಹೇಳಿ ಮುಗಿಸಬಹುದು. ಇಲ್ಲಿ ಬೀಗರು, ನೆರೆಯವರು, ಸಹೋದ್ಯೋಗಿಗಳು ಎಲ್ಲರೂ ಆ ಕಡೆಯವರೇ. ಕೇಳಿದವರಿಗೆ ಉತ್ತರ ಕೊಡಬೇಕಾಗುತ್ತದೆ.

ಮೊದಲು ಬೈಬಲನ್ನೇ ನೋಡೋಣ. ಯೇಸುಸ್ವಾಮಿ ಈ ಪ್ರಾರ್ಥನೆ ಕಲಿಸಿದ್ದು ಎರಡು ಶುಭಸಂದೇಶಗಳಲ್ಲಿದೆ, ಅಂದರೆ ಯೇಸುವಿನ ಬದುಕು ಹೇಳುವ ಬೈಬಲಿನ ಪುಸ್ತಕಗಳಲ್ಲಿ. ಸಂತ ಲೂಕರ 11ನೇ ಅಧ್ಯಾಯದಲ್ಲಿರುವುದು ಚಿಕ್ಕದು, ಅಲ್ಲಿ ಈ ಸಾಲಿಲ್ಲ. ತಕರಾರೆಲ್ಲ ಸಂತ ಮತ್ತಾಯರ 6ನೇ ಅಧ್ಯಾಯದ 13ನೇ ವಚನದ್ದು. ನಮಗೆ ದೊರೆತಿರುವ ಅತಿ ಹಳೆಯ ದೊಡ್ಡ ಗ್ರೀಕ್ ಹಸ್ತಪ್ರತಿಗಳೆರಡೂ, ಅಂದರೆ ಸಿನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿ, 4ನೇ ಶತಮಾನದವು. ಎರಡರಲ್ಲೂ ಪ್ರಾರ್ಥನೆ ಕೇಡಿನ ಮಾತಿಗೇ ಮುಗಿಯುತ್ತದೆ. ಅದಕ್ಕೂ ಹಿಂದೆ ಈ ಪ್ರಾರ್ಥನೆಗೆ ವ್ಯಾಖ್ಯಾನ ಬರೆದ ಮೂವರು ಹಿರಿಯರಿದ್ದಾರೆ: ಕ್ರಿ.ಶ. 200ರ ಆಸುಪಾಸಿನಲ್ಲಿ ಕಾರ್ಥೇಜಿನ ತೆರ್ತುಲಿಯನ್, ಸುಮಾರು 230ರ ದಶಕದಲ್ಲಿ ಒರಿಜೆನ್, 250ರ ಹೊತ್ತಿಗೆ ಕಾರ್ಥೇಜಿನ ಧರ್ಮಾಧ್ಯಕ್ಷ (ಬಿಷಪ್) ಸಂತ ಸಿಪ್ರಿಯನ್. ಪ್ರಾರ್ಥನೆಯನ್ನು ಸಾಲು ಸಾಲಾಗಿ ಬಿಡಿಸಿದ ಈ ಮೂವರೂ ‘ರಾಜ್ಯ, ಬಲ, ಮಹಿಮೆ’ಯ ಮಾತೆತ್ತುವುದಿಲ್ಲ. ಅವರ ಮುಂದಿದ್ದ ಪ್ರತಿಯಲ್ಲಿ ಅದು ಇರಲಿಲ್ಲವೆಂದೇ ತಿಳಿಯಬೇಕು.

ಇಲ್ಲಿಗೇ ನಿಲ್ಲಿಸಿದರೆ ‘ನೀವೇ ಹಚ್ಚೀರಿ’ ಎಂದವರು ಗೆದ್ದಂತೆ. ಆದರೆ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಒಂದು ಮಠದ ಗ್ರಂಥಾಲಯದಲ್ಲಿ ಫಿಲೊಥಿಯೊಸ್ ಬ್ರಿಯೆನಿಯೊಸ್ ಎಂಬ ಗ್ರೀಕ್ ಆರ್ಥೊಡಾಕ್ಸ್ ವಿದ್ವಾಂಸರ ಕೈಗೆ ಒಂದು ಚರ್ಮದ ಹೊತ್ತಿಗೆ ಸಿಕ್ಕಿತು. ಅದನ್ನು ಲೇಖಕ ನಕಲು ಮಾಡಿ ಮುಗಿಸಿದ್ದು 1056ರಲ್ಲಿ. ಒಳಗಿದ್ದ ಬರಹಗಳಲ್ಲೊಂದು ‘ದಿದಾಖೆ’, ಅಂದರೆ ಪ್ರೇಷಿತರ (ಯೇಸುವಿನ ಮೊದಲ ಶಿಷ್ಯರ) ಬೋಧನೆ. ಹೆಸರು ಮಾತ್ರ ಉಳಿದು ಪುಸ್ತಕ ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಗ್ರಂಥ ಅದು. ಬ್ರಿಯೆನಿಯೊಸ್ ಅದನ್ನು 1883ರಲ್ಲಿ ಅಚ್ಚು ಹಾಕಿಸಿದರು. ಮೊದಲ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ ಬರಹ ಎಂಬುದು ಹೆಚ್ಚಿನ ವಿದ್ವಾಂಸರ ಎಣಿಕೆ. ಎಂದರೆ ಮತ್ತಾಯರ ಶುಭಸಂದೇಶದ ಬೆನ್ನಿಗೇ ಹುಟ್ಟಿದ್ದು.

ದಿದಾಖೆಯಲ್ಲಿ 16 ಚಿಕ್ಕ ಅಧ್ಯಾಯಗಳಿವೆ. ದೊಡ್ಡ ದೇವಶಾಸ್ತ್ರವೇನೂ ಇಲ್ಲ, ಒಂದು ಸಣ್ಣ ಊರಿನ ಸಭೆ ನಡೆಸುವವರಿಗೆ ಬೇಕಾದ ಮಾತುಗಳಿವೆ. ದೀಕ್ಷಾಸ್ನಾನಕ್ಕೆ ಹರಿಯುವ ನೀರಾದರೆ ಒಳ್ಳೆಯದು, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಏನೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. (ಯಾದಗಿರಿಯ ಬೇಸಿಗೆ ಕಂಡವರು ಬರೆದಂತಿದೆ.) ಉಪವಾಸ ಬುಧವಾರ ಮತ್ತು ಶುಕ್ರವಾರ. ಇದೇ 8ನೇ ಅಧ್ಯಾಯದಲ್ಲಿ ಉಪವಾಸದ ಮಾತು ಮುಗಿದಕೂಡಲೇ ಕರ್ತನ ಪ್ರಾರ್ಥನೆ ಇಡಿಯಾಗಿ ಬರುತ್ತದೆ, ಹೆಚ್ಚುಕಡಿಮೆ ಮತ್ತಾಯರ ಮಾತಿನಲ್ಲೇ. ಕೊನೆಗೆ ‘ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ’. ‘ರಾಜ್ಯ’ ಇನ್ನೂ ಬಂದಿಲ್ಲ, ಉಳಿದೆರಡು ಬಂದಿವೆ. ಅದರ ಮುಂದಿನ ವಾಕ್ಯ: ದಿನಕ್ಕೆ ಮೂರು ಸಲ ಹೀಗೆ ಪ್ರಾರ್ಥಿಸಿರಿ. ಕಡೆಯ ಸಾಲಿಗಾಗಿ ಜಗಳಾಡುವ ಎರಡು ಕಡೆಯವರಲ್ಲಿ ಈ ಮೂರು ಸಲದ ಲೆಕ್ಕ ಕೇಳಿದವರನ್ನು ನಾನು ಕಂಡಿಲ್ಲ. 1970ರ ದಶಕದಲ್ಲಿ ಹೊಸದಾಗಿ ಸಿದ್ಧವಾದ ಕಥೋಲಿಕ ಕಾಲಕಾಲದ ಪ್ರಾರ್ಥನಾವಿಧಿ ಮಾತ್ರ ಅದನ್ನು ನೆನಪಿಟ್ಟುಕೊಂಡಿದೆ: ಬೆಳಗಿನ ಪ್ರಾರ್ಥನೆ, ಸಂಜೆಯ ಪ್ರಾರ್ಥನೆ, ಬಲಿಪೂಜೆ (ರೊಟ್ಟಿ ದ್ರಾಕ್ಷಾರಸದ ‘ಮಾಸ್’), ಹೀಗೆ ದಿನಕ್ಕೆ ಮೂರು ಬಾರಿ.

ಬೈಬಲಿನ ಹಳೆಯ ಪ್ರತಿಗಳಲ್ಲಿಲ್ಲದ ಸಾಲು ಅಷ್ಟೇ ಹಳೆಯ ಪ್ರಾರ್ಥನಾ ಕೈಪಿಡಿಯಲ್ಲಿ ಹೇಗೆ ಬಂತು? ಯೆಹೂದ್ಯರಲ್ಲಿ ಪ್ರಾರ್ಥನೆಯನ್ನು ದೇವರ ಸ್ತುತಿಯಿಂದ ಮುಗಿಸುವುದು ವಾಡಿಕೆಯಾಗಿತ್ತು. ಬೇಡಿಕೆ ಬೇಡಿ ಹಾಗೆಯೇ ಎದ್ದುಹೋಗುತ್ತಿರಲಿಲ್ಲ. ದಾವೀದ ರಾಜ ದೇವಾಲಯಕ್ಕೆ ಕಾಣಿಕೆ ಕೂಡಿಸಿದ ಮೇಲೆ ಮಾಡಿದ ಪ್ರಾರ್ಥನೆ ಪೂರ್ವಕಾಲವೃತ್ತಾಂತದ ಮೊದಲ ಗ್ರಂಥದ 29ನೇ ಅಧ್ಯಾಯದಲ್ಲಿದೆ. ಮಹಿಮೆ, ಪರಾಕ್ರಮ, ವೈಭವ, ರಾಜ್ಯ ಎಲ್ಲ ನಿನ್ನದೇ ಎಂಬ ಮಾತುಗಳು ಅಲ್ಲಿವೆ. ಮೊದಲ ಕ್ರೈಸ್ತರಲ್ಲಿ ಎಷ್ಟೋ ಜನ ಯೆಹೂದ್ಯರೇ. ಯೇಸು ಕಲಿಸಿದ ಪ್ರಾರ್ಥನೆಗೂ ಅವರು ಆ ರೂಢಿಯಂತೆ ಸ್ತುತಿ ಕೂಡಿಸಿ ಹೇಳಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ.

ನಮ್ಮ ಕಡೆ ಶ್ರಾವಣದಲ್ಲಿ ಮಠದೊಳಗೆ ತಿಂಗಳುಗಟ್ಟಲೆ ಪುರಾಣ ನಡೆಯುತ್ತದಲ್ಲ, ದಿನದ ಪುರಾಣ ಮುಗಿದೊಡನೆ ಕೂತ ಜನ ಒಕ್ಕೊರಲಿನಿಂದ ಜಯಕಾರ ಹಾಕುತ್ತಾರೆ. ಜಯಕಾರ ಪುರಾಣದ ಪುಸ್ತಕದಲ್ಲಿಲ್ಲ, ಆದರೆ ಅದಿಲ್ಲದೆ ಪುರಾಣ ಮುಗಿದಂತೆಯೂ ಅಲ್ಲ. ಎಷ್ಟೋ ವರ್ಷ ಕೇಳಿದವನೊಬ್ಬ ಆ ಪುರಾಣವನ್ನು ನಕಲು ಮಾಡಲು ಕೂತರೆ ಕೈ ತಾನಾಗಿ ಜಯಕಾರವನ್ನೂ ಬರೆದೀತು. ಮತ್ತಾಯರ ಶುಭಸಂದೇಶವನ್ನು ನಕಲು ಮಾಡಿದವರ ಕೈಯಲ್ಲೂ ಇದೇ ಆಯಿತು.

ಇದು ಬರೀ ಊಹೆಯಲ್ಲ, ಹಸ್ತಪ್ರತಿಗಳಲ್ಲೇ ಗುರುತಿದೆ. ಮೂಲದಲ್ಲಿದ್ದ ಸಾಲಾಗಿದ್ದರೆ ಎಲ್ಲ ಕಡೆ ಒಂದೇ ರೀತಿ ಇರುತ್ತಿತ್ತು. ಇಲ್ಲಿ ಹಾಗಿಲ್ಲ. ಉತ್ತರ ಆಫ್ರಿಕಾ ಕಡೆಯ ಒಂದು ಹಳೆಯ ಲ್ಯಾಟಿನ್ ಪ್ರತಿಯಲ್ಲಿ ಬರೀ ‘ಬಲ’. ದಕ್ಷಿಣ ಈಜಿಪ್ಟಿನ ಕೋಪ್ಟಿಕ್ ಅನುವಾದದಲ್ಲಿ ‘ಬಲ, ಮಹಿಮೆ’. ಹಳೆಯ ಸಿರಿಯಾಕ್ ಪ್ರತಿಯೊಂದರಲ್ಲಿ ‘ರಾಜ್ಯ, ಮಹಿಮೆ’. ಮುಂದಿನ ಕಾಲದ ಕೆಲವು ಗ್ರೀಕ್ ಪ್ರತಿಗಳಂತೂ ‘ತಂದೆಯ, ಪುತ್ರನ, ಪವಿತ್ರಾತ್ಮನ’ ಎಂದೂ ಸೇರಿಸಿಕೊಂಡಿವೆ. ಆಯಾ ಊರಿನ ಪೂಜೆಯಲ್ಲಿ ಜನ ಹೇಗೆ ಹೇಳುತ್ತಿದ್ದರೋ ಹಾಗೆ ಪ್ರತಿಗೆ ಇಳಿದಿದೆ. 4ನೇ ಶತಮಾನದ ಕೊನೆಗೆ ಮೂರೂ ಪದ ಒಟ್ಟಾಗಿದ್ದವು. ಸುಮಾರು 380ರಲ್ಲಿ ಸಿರಿಯಾ ಕಡೆ ಸಂಕಲನವಾದ ‘ಪ್ರೇಷಿತರ ಕಟ್ಟಳೆಗಳು’ ಎಂಬ ಸಭಾನಿಯಮಗಳ ಗ್ರಂಥದಲ್ಲಿ ‘ರಾಜ್ಯ’ ಬಂದಿದೆ. ಅಂತಿಯೋಕ್ಯದ ಸಂತ ಯೊವಾನ್ ಕ್ರಿಸೊಸ್ತೋಮರು ಮತ್ತಾಯರ ಮೇಲೆ ಮಾಡಿದ ಪ್ರವಚನಗಳಲ್ಲಿ ಈ ಸಾಲನ್ನೂ ಶುಭಸಂದೇಶದ ಮಾತೆಂದೇ ತಿಳಿದು ವಿವರಿಸಿದ್ದಾರೆ.

ಪೂರ್ವ ಮತ್ತು ಪಶ್ಚಿಮದ ಹಾದಿ ಬೇರೆಯಾದದ್ದು ಇಲ್ಲಿಂದ. ಗ್ರೀಕ್ ಪೂಜೆಯಲ್ಲಿ ಜನರೆಲ್ಲ ಪ್ರಾರ್ಥನೆ ಹೇಳುತ್ತಾರೆ, ಕಡೆಯ ಸ್ತುತಿಯನ್ನು ಗುರುಗಳು ಮಾತ್ರ ಹೇಳುತ್ತಾರೆ. ಅಲ್ಲಿ ಅದು ಹಾಗೇ ಉಳಿಯಿತು. ರೋಮಿನಲ್ಲಿ 382ರಲ್ಲಿ ಪೋಪ್ ದಮಾಸಸ್ ಅವರು ಸಂತ ಜೆರೋಮರಿಗೆ ಲ್ಯಾಟಿನ್ ಶುಭಸಂದೇಶಗಳನ್ನು ತಿದ್ದುವ ಕೆಲಸ ಒಪ್ಪಿಸಿದರು. ಅವರು ಸಿದ್ಧಪಡಿಸಿದ ಪಾಠದಲ್ಲಿ ಆ ಸಾಲಿರಲಿಲ್ಲ. ಇಡೀ ಪಶ್ಚಿಮ ಯುರೋಪು ಸಾವಿರ ವರ್ಷ ಓದಿದ್ದು ಅದನ್ನೇ. 598ರಲ್ಲಿ ಪೋಪ್ ಮಹಾ ಗ್ರೆಗೊರಿಯವರು ಸಿರಾಕ್ಯೂಸಿನ ಧರ್ಮಾಧ್ಯಕ್ಷರಿಗೆ ಬರೆದ ಪತ್ರವೊಂದಿದೆ. ಕರ್ತನ ಪ್ರಾರ್ಥನೆಯನ್ನು ಪೂಜೆಯ ಮಹಾಪ್ರಾರ್ಥನೆಯ ಬೆನ್ನಿಗೇ ಇಟ್ಟದ್ದೇಕೆಂದು ವಿವರಿಸುತ್ತಾ, ಗ್ರೀಕರಲ್ಲಿ ಅದನ್ನು ಜನರೆಲ್ಲ ಹೇಳುತ್ತಾರೆ, ನಮ್ಮಲ್ಲಿ ಗುರುಗಳೊಬ್ಬರೇ ಹೇಳುತ್ತಾರೆ ಎಂದಿದ್ದಾರೆ. ರೋಮಿನ ಪೂಜೆಯಲ್ಲಿ ‘ಕೇಡಿನಿಂದ ರಕ್ಷಿಸಿ’ ಎಂಬ ಕಡೆಯ ಬೇಡಿಕೆಯೊಂದು ಜನರ ಪಾಲಿಗಿತ್ತು. ಅದರ ಎಳೆ ಹಿಡಿದು ಗುರುಗಳು ‘ಎಲ್ಲ ಕೇಡುಗಳಿಂದಲೂ ನಮ್ಮನ್ನು ಬಿಡಿಸಿ’ ಎಂದು ಇನ್ನೊಂದು ಪ್ರಾರ್ಥನೆ ಬೆಳೆಸುತ್ತಿದ್ದರು. ಗ್ರೀಕರು ಸ್ತುತಿ ಇಟ್ಟ ಜಾಗದಲ್ಲಿ ರೋಮಿನವರು ಬೇಡಿಕೆಯನ್ನೇ ಹಿಗ್ಗಿಸಿದರು. ಯಾರೂ ಏನನ್ನೂ ಕದ್ದು ಬಿಟ್ಟದ್ದಲ್ಲ.

ಹಾಗಾದರೆ ಪ್ರೊಟೆಸ್ಟಂಟರಿಗೆ ಅದು ಸಿಕ್ಕಿದ್ದು ಹೇಗೆ? ಅಚ್ಚಿನ ಮೂಲಕ. 1516ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗ್ರೀಕ್ ಹೊಸ ಒಡಂಬಡಿಕೆ ಮುದ್ರಿಸಿದರು. ಅವರ ಕೈಯಲ್ಲಿದ್ದವು ಬಹುತೇಕ ಮಧ್ಯಯುಗದ ಗ್ರೀಕ್ ಪ್ರತಿಗಳು. ಅವುಗಳಲ್ಲಿ ಆ ಸಾಲಿತ್ತು, ಅಚ್ಚಾಯಿತು. ಇದು ಪೂಜಾವಿಧಿಯಿಂದ ಬಂದು ಸೇರಿದ್ದು ಎಂಬ ಅನುಮಾನ ಸ್ವತಃ ಎರಾಸ್ಮಸ್‌ಗೇ ಇತ್ತು, ಟಿಪ್ಪಣಿಯಲ್ಲಿ ಬರೆದೂ ಇದ್ದಾರೆ. 1522ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ ಜರ್ಮನ್‌ಗೆ ಅನುವಾದಿಸಿದಾಗ ಸಾಲೂ ಜೊತೆಗೆ ಬಂತು. ಸ್ವಾರಸ್ಯವೆಂದರೆ ಅದೇ ಲೂಥರ್ 1529ರಲ್ಲಿ ಮಕ್ಕಳಿಗಾಗಿ ಬರೆದ ಚಿಕ್ಕ ಧರ್ಮೋಪದೇಶದಲ್ಲಿ ಸಾಲು ಇಲ್ಲ: ಬಾಯಿಗೆ ಕೂತಿದ್ದು ಹಳೆಯ ಲ್ಯಾಟಿನ್ ರೂಢಿ. ಇಂಗ್ಲೆಂಡಿನ 1549ರ ಪ್ರಾರ್ಥನಾಪುಸ್ತಕದಲ್ಲೂ ಇಲ್ಲ. 1662ರ ಪ್ರಾರ್ಥನಾಪುಸ್ತಕಕ್ಕೆ ಬರುವಷ್ಟರಲ್ಲಿ ಸೇರಿಕೊಂಡಿತ್ತು. ಆ ಪುಸ್ತಕವನ್ನೇ ಸಂಕ್ಷೇಪಿಸಿ ಮೆಥೋಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥೋಡಿಸ್ಟರಿಗೆ ಭಾನುವಾರದ ಆರಾಧನಾವಿಧಿ ಮಾಡಿಕೊಟ್ಟರು. ಅಮೆರಿಕದಿಂದ ಮಿಷನರಿಗಳು ನಿಜಾಮರ ಸೀಮೆಗೆ ಬಂದರು. ಮಂಗಲಪೇಟೆಯ ಅಜ್ಜಿಯ ಬಾಯಲ್ಲಿರುವ ಆ ಸಾಲು ನಡೆದು ಬಂದ ದಾರಿ ಇದು: ಸಿರಿಯಾ, ಗ್ರೀಕ್ ನಕಲುಗಾರರು, ಬಾಸೆಲ್, ಲಂಡನ್, ಅಮೆರಿಕ, ಬೀದರ್.

ವಾದಕ್ಕೆ ನಿಂತವರು ಇಲ್ಲೊಂದು ತಮಾಷೆ ಗಮನಿಸಬೇಕು. ಗ್ರಂಥವೊಂದೇ ಸಾಕು ಎನ್ನುವ ಪ್ರೊಟೆಸ್ಟಂಟರು ಕಾಪಾಡಿಕೊಂಡು ಬಂದದ್ದು ಪರಂಪರೆಯಿಂದ ಹುಟ್ಟಿದ ಸಾಲನ್ನು. ಪರಂಪರೆಯೂ ಬೇಕು ಎನ್ನುವ ಕಥೋಲಿಕರು ಅದನ್ನು ಹೇಳದೆ ಇದ್ದದ್ದು ಗ್ರಂಥದ ಹಳೆಯ ಪಾಠಕ್ಕೆ ಬದ್ಧರಾಗಿ. 1881ರಲ್ಲಿ ಇಂಗ್ಲಿಷ್ ಬೈಬಲನ್ನು ಪರಿಷ್ಕರಿಸಿದ ಪ್ರೊಟೆಸ್ಟಂಟ್ ಪಂಡಿತರೇ ಈ ಸಾಲನ್ನು ಮತ್ತಾಯರ ಪಾಠದಿಂದ ತೆಗೆದು ಅಂಚಿನ ಟಿಪ್ಪಣಿಗೆ ಸರಿಸಿದರು. ಅವರ ಸಭೆಗಳು ಮಾತ್ರ ಹೇಳುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಾದ ಕಾರಣವೂ ಇರಲಿಲ್ಲ.

ಕಥೋಲಿಕರ ಕಡೆ ತಿರುವು ಬಂದದ್ದು 1969ರಲ್ಲಿ. ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಕೂಡಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೋಪ್ 6ನೇ ಪೌಲ್ ಅವರು ಹೊಸ ಪೂಜಾವಿಧಿಗೆ ಒಪ್ಪಿಗೆ ಕೊಟ್ಟರು. ಅದರಲ್ಲಿ ಕರ್ತನ ಪ್ರಾರ್ಥನೆ ಪೂರ್ತಿಯಾಗಿ ಜನರದ್ದಾಯಿತು. ‘ಎಲ್ಲ ಕೇಡುಗಳಿಂದಲೂ’ ಎಂಬ ಗುರುಗಳ ಪ್ರಾರ್ಥನೆ ಕೊಂಚ ಚಿಕ್ಕದಾಗಿ ಉಳಿಯಿತು. ಅದು ಕ್ರಿಸ್ತರ ಆಗಮನದ ನಿರೀಕ್ಷೆಯ ಮಾತಿನಲ್ಲಿ ಮುಗಿದ ತಕ್ಷಣ ಜನರೆಲ್ಲ ರಾಜ್ಯ, ಶಕ್ತಿ, ಮಹಿಮೆ ಎಂದೆಂದಿಗೂ ನಿಮ್ಮದೇ ಎಂದು ಹೇಳುವ ಕ್ರಮ ಬಂತು. ಅಂದರೆ ‘ನಾವು ಆ ಸಾಲು ಹೇಳೋದಿಲ್ಲ’ ಎಂದು ಚಹಾ ಕುಡಿಯುತ್ತಾ ವಾದಿಸುವ ಕಥೋಲಿಕ ಅಣ್ಣಾರು ಪ್ರತಿ ಭಾನುವಾರ ಅದನ್ನು ಹೇಳಿಯೇ ಪರಮಪ್ರಸಾದಕ್ಕೆ ಹೋಗುತ್ತಾರೆ. ನಡುವೆ ಗುರುಗಳ ಪ್ರಾರ್ಥನೆ ಬಂದದ್ದರಿಂದ ಎರಡೂ ಒಂದೇ ಸರಪಳಿಯ ಕೊಂಡಿಗಳೆಂಬುದು ಲಕ್ಷ್ಯಕ್ಕೆ ಬಂದಿರುವುದಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ದಿದಾಖೆಯ ಮಾತೆತ್ತಿ ಈ ಸ್ತುತಿಯನ್ನು ವಿವರಿಸುತ್ತದೆ.

ಜಪಸರದಲ್ಲಿ, ಮನೆಯ ಸಂಜೆ ಪ್ರಾರ್ಥನೆಯಲ್ಲಿ ಸಾಲು ಬರುವುದಿಲ್ಲ, ಅಲ್ಲಿ ಹಳೆಯ ರೂಢಿಯೇ. ಪೂಜೆಯಲ್ಲಿ ಇನ್ನೊಂದು ವಿಶೇಷವಿದೆ: ‘ಕೇಡಿನಿಂದ ರಕ್ಷಿಸಿ’ ಎಂದ ಮೇಲೆ ‘ಆಮೆನ್’ ಇಲ್ಲ. ಪ್ರಾರ್ಥನೆ ಇನ್ನೂ ಮುಗಿದಿಲ್ಲವಲ್ಲ. ಮನೆಯಲ್ಲಿ ಕಲಿತ ಮಕ್ಕಳು ಅಲ್ಲಿ ಜೋರಾಗಿ ‘ಆಮೆನ್’ ಎಂದು ಅಮ್ಮನ ಕಡೆ ನೋಡುವುದುಂಟು. ಮೆಥೋಡಿಸ್ಟ್ ಮನೆಯಿಂದ ಸೊಸೆಯಾಗಿ ಬಂದವರು ‘ರಾಜ್ಯವೂ’ ಎಂದು ಶುರುಮಾಡಿ, ಗುರುಗಳ ದನಿ ಕೇಳಿ ಗಪ್ಪಾಗುವುದೂ ಉಂಟು.

ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರದಂಥ ಕೂಟಗಳಲ್ಲಿ ಕಥೋಲಿಕರು ಆ ಸಾಲನ್ನು ಒಂದೇ ಉಸಿರಿಗೆ ಹೇಳಲು ಅಡ್ಡಿಯೇನಿಲ್ಲ. ಅದು ಅವರ ಪೂಜೆಯಲ್ಲೇ ಇರುವ ಮಾತು. ಎರಡು ಸಭೆಯವರು ಸೇರುವ ಮದುವೆಯ ಪೂಜೆಯಲ್ಲಾದರೆ ಗುರುಗಳು ಮುಂಚೆಯೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು: ಪ್ರಾರ್ಥನೆಯ ನಡುವೆ ನಾನು ನಾಲ್ಕು ಮಾತು ಸೇರಿಸುತ್ತೇನೆ, ಅಲ್ಲಿಯತನಕ ತಡೆಯಿರಿ, ಕಡೆಯ ಸಾಲು ಎಲ್ಲರೂ ಕೂಡಿ ಹೇಳೋಣ.