ಸೈರ್ ಹಾಳಾಗಿದ್ದು ಹೇಗೆ? ಪುಸ್ತಕದಲ್ಲಿ ಇಲ್ಲ

ಜುಲೈನಲ್ಲಿ ಮಡಿಕೇರಿಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾವು ಐದು ಜನ ಚಾರ್ಜರ್ ಲೈಟ್ ಹಚ್ಚಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಕಥೆ ಕಟ್ಟುವ ಆಟ ಆಡಲು ಕೂರುತ್ತೇವೆ. ಇಪ್ಪತ್ತು ಮುಖದ ದಾಳ ಮಂಚದಡಿ ಸೇರಬಾರದು ಅಂತ ಸ್ಟೀಲ್ ತಟ್ಟೆಯಲ್ಲೇ ಹಾಕುವುದು. ಪಕ್ಕದಲ್ಲಿ ಬೆಲ್ಲದ ಕಾಫಿ. ಕಥೆ ನಡೆಸುವವನು ನಾನು, ಉಳಿದ ನಾಲ್ವರು ಒಂದೊಂದು ಪಾತ್ರ. ನಮ್ಮ ಕಥೆ ನಡೆಯುವುದು 'ಎಬೆರಾನ್' ಎಂಬ ಕಲ್ಪಿತ ಲೋಕದಲ್ಲಿ, ಸೈರ್ ಅಲ್ಲಿನ ಹಾಳಾದ ದೇಶ. ಹೋದ ಮಳೆಗಾಲದಲ್ಲಿ ವಿರಾಜಪೇಟೆ ಹುಡುಗ ಕೇಳಿದ: "ಅಣ್ಣಾ, ಸೈರ್ ಹಾಳಾಗಿದ್ದು ಹೇಗೆ? ಪುಸ್ತಕದ ಕೊನೇಲಿ ಇರ್ಬೇಕಲ್ವಾ?"

ಇಲ್ಲ. ಬೇಕೆಂದೇ ಬರೆದಿಲ್ಲ.

1974ರಲ್ಲಿ ಈ ಆಟ ಮೊದಲು ಬಂದಾಗ ಪೆಟ್ಟಿಗೆಯಲ್ಲಿ ನಿಯಮಗಳಿದ್ದವು, ಸಿದ್ಧ ಲೋಕ ಇರಲಿಲ್ಲ. ಲೋಕ ಕಟ್ಟುವುದು ಆಡಿಸುವವನ ಕೆಲಸ. ಮುಂದೆ ಲೋಕಗಳನ್ನೇ ಅಚ್ಚು ಹಾಕಿ ಮಾರಲು ಶುರುವಾಯಿತು. ಆಗಲೂ ಒಂದಿಷ್ಟು ಜಾಗ ಖಾಲಿ ಬಿಡುವ ರೂಢಿ ಇತ್ತು. 1983ರ 'ಹಾರ್ನ್' ಲೋಕದ ಕಥೆ ಅಲ್ಲಿನ ಲೆಕ್ಕದ 720ನೇ ಇಸವಿಗೆ ನಿಂತುಬಿಡುತ್ತದೆ, ಆಮೇಲಿನದು ನಿಮ್ಮದು. 1987ರ 'ಫರ್ಗಾಟನ್ ರೆಲ್ಮ್ಸ್'ನಲ್ಲಿ ಸೆಂಬಿಯಾ ಎಂಬ ನಾಡನ್ನು ಆಡಿಸುವವರಿಗೇ ಬಿಟ್ಟಿದ್ದರು. ಕೊನೆಗೆ ಕಾದಂಬರಿಗಳು ಬಂದು ಅದನ್ನೂ ತುಂಬಿಸಿದವು. ಖಾಲಿ ಸೈಟು ಎಷ್ಟು ದಿನ ಉಳಿಯುತ್ತದೆ ಹೇಳಿ?

ತೊಂಬತ್ತರ ದಶಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. 1991ರ 'ವ್ಯಾಂಪೈರ್'ನಂಥ ಆಟಗಳಲ್ಲಿ ಹೊಸ ಪುಸ್ತಕಗಳು ಬಂದ ಹಾಗೆ ಲೋಕದ ಕಥೆಯೂ ಮುಂದೆ ಓಡುತ್ತಿತ್ತು. ನೀವು ಆರು ತಿಂಗಳು ಆಡಿ ಕಂಡುಕೊಂಡ ಗುಟ್ಟನ್ನು ಮುಂದಿನ ಪುಸ್ತಕ ಸುಳ್ಳು ಮಾಡಬಹುದಿತ್ತು. ಆ ಸಾಲಿನ ಕೊನೆ ಬಂದಿದ್ದು 2004ರಲ್ಲಿ. ಆಗಲೂ ಒಂದೇ ಅಂತ್ಯ ಕೊಡಲಿಲ್ಲ, ಬೇಕಾದ್ದು ಆರಿಸಿಕೊಳ್ಳಿ ಅಂತ ಕೆಲವು ಕೊಟ್ಟರು.

ಅದೇ 2004ರಲ್ಲಿ ಕೀತ್ ಬೇಕರ್ ಅವರ 'ಎಬೆರಾನ್' ಬಂತು. 2002ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಹೊಸ ಲೋಕಕ್ಕೆ ಸ್ಪರ್ಧೆ ಇಟ್ಟಾಗ ಸುಮಾರು 11,000 ಪ್ರಸ್ತಾವಗಳು ಬಂದಿದ್ದವಂತೆ. ಗೆದ್ದಿದ್ದು ಇದು. ಇದರಲ್ಲಿ ಐದು ದೇಶಗಳ ಯುದ್ಧ ನೂರು ವರ್ಷದಿಂದ ನಡೆದಿದೆ. ಆ ಲೋಕದ ಲೆಕ್ಕದ 994ನೇ ಇಸವಿಯಲ್ಲಿ ಒಂದೇ ದಿನ ಸೈರ್ ದೇಶ ಬೂದು ಮಂಜಿನಲ್ಲಿ ಸತ್ತುಹೋಗುತ್ತದೆ. ಮಡಿಕೇರಿಯವರಿಗೆ ಆ ಮಂಜನ್ನು ಬಿಡಿಸಿ ಹೇಳಬೇಕಿಲ್ಲ, ರಾಜಾಸೀಟ್ ನೋಡಿದವರೇ. ಯಾರು ಮಾಡಿದರು, ಹೇಗಾಯಿತು ಅಂತ ಅಧಿಕೃತವಾಗಿ ಹೇಳುವುದೇ ಇಲ್ಲ ಎಂದು ಬೇಕರ್ ಸ್ಪಷ್ಟವಾಗಿ ಹೇಳಿದ್ದಾರೆ. 2009ರ ಪುಸ್ತಕದಲ್ಲೂ 2019ರ ಪುಸ್ತಕದಲ್ಲೂ ಕಥೆ 998ರಲ್ಲೇ ಶುರು.

ಇದು ಸೋಮಾರಿತನ ಅನ್ನುವವರಿದ್ದಾರೆ. ನನಗೂ ಮೊದಲು ಹಾಗೇ ಅನಿಸಿತ್ತು, ದುಡ್ಡು ಕೊಟ್ಟು ಅರ್ಧ ಕಥೆ ಯಾಕೆ ತಗೋಬೇಕು ಅಂತ. ಆಡಿಸಿದ ಮೇಲೆ ಗೊತ್ತಾಯಿತು. ಸೈರ್‌ಗೆ ಏನಾಯಿತು ಅಂತ ಯಾರಿಗೂ ಗೊತ್ತಿಲ್ಲದ ಕಾರಣಕ್ಕೇ 996ರಲ್ಲಿ ಎಲ್ಲರೂ ಹೆದರಿ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಅದು ಯಾರದೋ ಅಸ್ತ್ರ ಅಂತ ಗೊತ್ತಾದರೆ ನಾಳೆಯೇ ಯುದ್ಧ. ಅಂದರೆ ಆ ಲೋಕದ ಶಾಂತಿ ನಿಂತಿರುವುದೇ ಆ ಪ್ರಶ್ನೆಯ ಮೇಲೆ. 'ಪಾಥ್‌ಫೈಂಡರ್' ಎಂಬ ಇಂಥದ್ದೇ ಇನ್ನೊಂದು ಆಟದ ಅರೋಡೆನ್ ದೇವರ ಸಾವೂ ಹೀಗೇ. ಕಾರಣ ಯಾರಿಗೂ ಗೊತ್ತಿಲ್ಲ, ಆದರೆ ಅವನು ಸತ್ತಾಗಿನಿಂದ ಭವಿಷ್ಯವಾಣಿಗಳೆಲ್ಲ ಕೆಟ್ಟುಹೋಗಿವೆ. ಹಾಗಾಗಿ ಮುಂದಾಗುವುದು ಆಟಗಾರರ ಕೈಲಿ. ಏನೂ ಕೆಲಸ ಮಾಡದ ಗುಟ್ಟು ಮಾತ್ರ ಸುಮ್ನೆ ಜಾಗ ತಿನ್ನುತ್ತದೆ.

ಸೈರ್‌ಗೆ ನನ್ನದೇ ಒಂದು ಉತ್ತರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಒಂದು ಯಂತ್ರ, ಒಂದು ಅಪಘಾತ. ಆ ರಾತ್ರಿ ಹುಡುಗ ಕಾಫಿ ಹೀರುತ್ತಾ ಅಂದ: "ಯುದ್ಧ ನಿಂತಿತಲ್ಲಣ್ಣ. ನಿಲ್ಲಿಸ್ಬೇಕು ಅಂತಲೇ ಸೈರ್‌ನವರೇ ಯಾರೋ ಮಾಡಿರ್ಬೇಕು."

ನಾನು ಮುಖ ಗಂಟಿಕ್ಕಿ "ನೋಡೋಣ" ಅಂದೆ. ಅವರೆಲ್ಲ ಮಲಗಿದ ಮೇಲೆ ನನ್ನ ಯಂತ್ರವನ್ನು ಹೊಡೆದು ಹಾಕಿ ಅವನ ಮಾತನ್ನೇ ಬರೆದುಕೊಂಡೆ. ಅವನಿಗಿನ್ನೂ ಗೊತ್ತಿಲ್ಲ.