ಬಿಡುಗಡೆಯ ದಿನಕ್ಕೆ ಕಟ್ಟುಬಿದ್ದ ಗೇಮ್‌ಗಳು

ದಾವಣಗೆರೆಯಲ್ಲಿ ದೊಡ್ಡ ನಟನ ಚಿತ್ರ ತೆರೆಕಾಣುವ ವಾರ ಟಾಕೀಸುಗಳ ಮುಂದೆ ಕಟೌಟ್ ಏಳುವುದು, ಅದಕ್ಕೆ ಹಾಲು ಸುರಿಯುವುದು, ಮೊದಲ ಆಟದ ಟಿಕೆಟ್ಟಿಗೆ ನೂಕುನುಗ್ಗಲಾಗುವುದು ಹಳೆಯ ರೂಢಿ. ಹಲವು ಭಾಷೆಗಳಲ್ಲಿ ಬರುವ ಭಾರೀ ಚಿತ್ರವಾದರೆ, ಅದರ ಹೆಸರು ಹೊತ್ತ ಗೇಮ್ ಒಂದು ಅದೇ ಹೊತ್ತಿಗೆ ವಿದ್ಯಾನಗರದ ಬಾಡಿಗೆ ಕೋಣೆಗಳಲ್ಲಿರುವ ವಿದ್ಯಾರ್ಥಿಗಳ ಮೊಬೈಲಿಗೂ ಇಳಿಯುವುದುಂಟು. ಚಿತ್ರದ ಹಾಡು ತಿಂಗಳುಗಟ್ಟಲೆ ಆಟೊಗಳಲ್ಲಿ ಕೇಳಿಬರುತ್ತದೆ. ಗೇಮ್ ಮಾತ್ರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಫೋನಿನಿಂದ ಅಳಿದುಹೋಗಿರುತ್ತದೆ. ಇದಕ್ಕೆ ತಯಾರಕರ ದುರಾಸೆಯನ್ನೋ ಅಸಡ್ಡೆಯನ್ನೋ ಹೊಣೆ ಮಾಡುವುದು ಸುಲಭ. ಆದರೆ ಈ ಬಗೆಯ ಗೇಮ್‌ಗಳ ನಾಲ್ಕು ದಶಕಗಳ ಚರಿತ್ರೆಯನ್ನು ನೋಡಿದರೆ, ದೋಷ ಹೆಚ್ಚಾಗಿ ಕ್ಯಾಲೆಂಡರಿನಲ್ಲಿಯೇ ಕಾಣಿಸುತ್ತದೆ.

1982ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಚಿತ್ರ ಅಮೆರಿಕದಲ್ಲಿ ಗಳಿಕೆಯ ದಾಖಲೆ ಬರೆಯುತ್ತಿದ್ದಾಗ, ಅದನ್ನು ಗೇಮ್ ಮಾಡುವ ಹಕ್ಕಿಗಾಗಿ ಗೇಮ್ ತಯಾರಕ ಸಂಸ್ಥೆ ಅಟಾರಿಯ ಒಡೆತನ ಹೊಂದಿದ್ದ ವಾರ್ನರ್ ಕಂಪನಿ ಎರಡು ಕೋಟಿ ಡಾಲರಿಗೂ ಹೆಚ್ಚು ತೆತ್ತಿತೆಂಬ ವರದಿಗಳಿವೆ. ಮಾತುಕತೆ ಮುಗಿಯುವ ಹೊತ್ತಿಗೆ ಜುಲೈ ಕೊನೆಯಾಗಿತ್ತು. ಕ್ರಿಸ್‌ಮಸ್ ವ್ಯಾಪಾರಕ್ಕೆ ಕ್ಯಾಸೆಟ್ಟುಗಳು ಅಂಗಡಿ ಸೇರಬೇಕಾದರೆ ಸೆಪ್ಟೆಂಬರ್ ಆರಂಭಕ್ಕೆ ಎಲ್ಲವೂ ಸಿದ್ಧವಿರಬೇಕಿತ್ತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್ ಸುಮಾರು ಐದು ವಾರಗಳಲ್ಲಿ ಮುಗಿಸಿಕೊಟ್ಟರು. ಅದಕ್ಕೂ ಮುನ್ನ ಅವರು ಮಾಡಿದ್ದ ಗೇಮ್‌ಗಳು ಚೆನ್ನಾಗಿಯೇ ಮಾರಾಟವಾಗಿದ್ದವು, ಕೊರತೆಯಿದ್ದದ್ದು ಪ್ರತಿಭೆಗಲ್ಲ.

ಆ ಗೇಮ್‌ನಲ್ಲಿ ಪುಟ್ಟ ಅನ್ಯಗ್ರಹವಾಸಿ ಗುಂಡಿಗಳಲ್ಲಿ ಅಡಗಿರುವ ಫೋನಿನ ಮೂರು ತುಣುಕುಗಳನ್ನು ಹುಡುಕಿ ಜೋಡಿಸಬೇಕು. ಗುಂಡಿಗೆ ಬಿದ್ದವನು ಕತ್ತು ಉದ್ದ ಮಾಡಿ ಮೆಲ್ಲಗೆ ತೇಲಿ ಮೇಲೆ ಬರುತ್ತಾನೆ. ಹಾಗೆ ಬಂದ ಕ್ಷಣದಲ್ಲಿ ಅವನ ಮೈಯ ಯಾವುದೇ ಅಂಚು ಗುಂಡಿಯ ಚಿತ್ರಕ್ಕೆ ತಾಗಿದರೂ ಮತ್ತೆ ಒಳಕ್ಕೆ ಬೀಳುತ್ತಾನೆ. ತಾನು ಬಿದ್ದದ್ದೇಕೆಂದು ಆಡುವ ಮಗುವಿಗೆ ತಿಳಿಯುವುದಿಲ್ಲ. ಇನ್ನಷ್ಟು ಸಮಯವಿದ್ದು, ಹೊರಗಿನ ಮಕ್ಕಳ ಕೈಗೆ ಕೊಟ್ಟು ಆಡಿಸಿ ನೋಡಿದ್ದರೆ ಸರಿಯಾಗಬಹುದಾಗಿದ್ದ ದೋಷವಿದು. ಸುಮಾರು 40 ಲಕ್ಷ ಕ್ಯಾಸೆಟ್ ತಯಾರಾಗಿ, 15 ಲಕ್ಷದಷ್ಟು ಮಾರಾಟವಾದವು. ಉಳಿದವುಗಳಲ್ಲಿ ಒಂದು ಪಾಲನ್ನು ಅಟಾರಿಯ ಇತರ ಸರಕಿನೊಂದಿಗೆ 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. ಬಹುಕಾಲ ದಂತಕಥೆಯೆಂದೇ ಹಲವರು ಭಾವಿಸಿದ್ದ ಈ ಸಂಗತಿ 2014ರ ಅಗೆತದಲ್ಲಿ ನಿಜವೆಂದು ಸಾಬೀತಾಯಿತು. 1983ರಲ್ಲಿ ಅಮೆರಿಕದ ಗೇಮ್ ಉದ್ಯಮವೇ ಕುಸಿದದ್ದಕ್ಕೆ ಇದೊಂದೇ ಗೇಮ್ ಕಾರಣವೆನ್ನುವುದು ಉತ್ಪ್ರೇಕ್ಷೆ. ಮಾರುಕಟ್ಟೆ ಅದಾಗಲೇ ಕಳಪೆ ಸರಕಿನಿಂದ ತುಂಬಿತುಳುಕುತ್ತಿತ್ತು.

ಮುಂದೆ ಯಂತ್ರಗಳು ಬದಲಾದವು, ಗಂಟು ಸಡಿಲವಾಗಲಿಲ್ಲ. ದೊಡ್ಡ ಗೇಮ್ ಒಂದಕ್ಕೆ ಎರಡು ಮೂರು ವರ್ಷ ಬೇಕು. ಆದರೆ ಅಷ್ಟು ಮೊದಲು ಚಿತ್ರದ ಕಥೆಯೇ ಅಂತಿಮವಾಗಿರುವುದಿಲ್ಲ. ನಾಯಕನ ವೇಷ ಬದಲಾಗುತ್ತದೆ, ಸಂಕಲನದಲ್ಲಿ ಒಂದು ಹೊಡೆದಾಟವೇ ಬಿದ್ದುಹೋಗುತ್ತದೆ, ಗೇಮ್‌ನೊಳಗಿನ ಪ್ರತಿಯೊಂದು ಚಿತ್ರಕ್ಕೂ ನಿರ್ಮಾಪಕರ ಒಪ್ಪಿಗೆ ಬೇಕಾಗುತ್ತದೆ. ಬಿಡುಗಡೆಯ ದಿನ ಮಾತ್ರ ಕದಲುವುದಿಲ್ಲ. 2003ರ ಮೇ ತಿಂಗಳಲ್ಲಿ ‘ದಿ ಮ್ಯಾಟ್ರಿಕ್ಸ್ ರೀಲೋಡೆಡ್’ ಜೊತೆಗೇ ಬಂದ ‘ಎಂಟರ್ ದಿ ಮ್ಯಾಟ್ರಿಕ್ಸ್’ ಗೇಮ್‌ಗೆ ಚಿತ್ರದ ನಿರ್ದೇಶಕರೇ ಕಥೆ ಬರೆದು, ಸುಮಾರು ಒಂದು ಗಂಟೆಯಷ್ಟು ದೃಶ್ಯಗಳನ್ನು ಅದಕ್ಕೆಂದೇ ಚಿತ್ರೀಕರಿಸಿದ್ದರು. ಇಷ್ಟು ಸಹಕಾರ ಸಿಕ್ಕ ಗೇಮ್ ಅಪರೂಪ. ಅದು ಲಕ್ಷಾಂತರ ಪ್ರತಿ ಮಾರಾಟವೂ ಆಯಿತು, ಆದರೆ ಅವಸರದಲ್ಲಿ ಕೈಬಿಟ್ಟ ಕೆಲಸದ ಗುರುತುಗಳು ಎದ್ದುಕಾಣುತ್ತಿದ್ದವು.

ಇದಕ್ಕೆ ವಿರುದ್ಧವಾದ ಸಾಕ್ಷ್ಯ, ಜೇಮ್ಸ್ ಬಾಂಡ್ ಚಿತ್ರವೊಂದನ್ನು ಆಧರಿಸಿದ ‘ಗೋಲ್ಡನ್ಐ 007’. ಚಿತ್ರ ತೆರೆಕಂಡದ್ದು 1995ರ ನವೆಂಬರಿನಲ್ಲಿ, ಗೇಮ್ ಬಂದದ್ದು 1997ರ ಆಗಸ್ಟಿನಲ್ಲಿ. ರೇರ್ ಸಂಸ್ಥೆಯ ಆ ತಂಡದ ಬಹುಪಾಲು ಮಂದಿಗೆ ಅದೇ ಮೊದಲ ಗೇಮ್. ಜನ ಇಂದಿಗೂ ನೆನೆಯುವ, ಒಂದೇ ಟಿವಿಯ ಮುಂದೆ ನಾಲ್ವರು ಕೂತು ಆಡುವ ಭಾಗವನ್ನು ಅವರು ಸೇರಿಸಿದ್ದು ಕೆಲಸ ಮುಗಿಯುವ ಹಂತದಲ್ಲಿ. ಗಡುವು ಬಿಗಿಯಾಗಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. 80 ಲಕ್ಷ ಪ್ರತಿಗಳು ಮಾರಾಟವಾದವು.

ಚಿತ್ರದ ಜೊತೆಗೇ ಬಂದೂ ಗೆದ್ದ ಗೇಮ್‌ಗಳಿಲ್ಲವೆಂದಲ್ಲ. 2004ರ ‘ಸ್ಪೈಡರ್‌ಮ್ಯಾನ್ 2’ ಅಂಥದು. ಅದಕ್ಕೆ ಹಿಂದಿನ ಗೇಮ್‌ನಲ್ಲಿ ಬಲೆಯ ಎಳೆ ಬರಿಯ ಆಕಾಶಕ್ಕೆ ಅಂಟುತ್ತಿತ್ತು. ಇದರಲ್ಲಿ ಎಳೆ ಅಂಟಲು ಕಟ್ಟಡವೇ ಬೇಕು, ಜೋಲಿಯ ವೇಗ ನೋಡಿ ಎಳೆ ಬಿಡಬೇಕು. ಚಿತ್ರ ನೋಡಿ ಬಂದ ಹುಡುಗನಿಗೆ ಬೇಕಾದದ್ದು ಕಥೆಯನ್ನು ಮತ್ತೊಮ್ಮೆ ಕೇಳುವುದಲ್ಲ, ನಾಯಕ ಮಾಡಿದ್ದನ್ನು ತಾನೂ ಮಾಡುವುದು. ಅದೇ ತಂಡ ಎರಡು ವರ್ಷ ಹಿಂದೆ ಮೊದಲ ಗೇಮ್ ಮಾಡಿದ್ದರಿಂದ ತಳಪಾಯ ಸಿದ್ಧವಿತ್ತೆಂಬುದನ್ನೂ ಮರೆಯಬಾರದು.

ಸೋಲು ಇಷ್ಟು ಸ್ಪಷ್ಟವಿದ್ದರೂ ಕಂಪನಿಗಳು ಬಿಡದೆ ಮಾಡುತ್ತಿದ್ದುದೇಕೆಂದರೆ, ಗಿರಾಕಿ ಕೊಳ್ಳುತ್ತಿದ್ದದ್ದು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಂಥ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತಿದ್ದ ನಕಲಿ ಕ್ಯಾಸೆಟ್ಟುಗಳ ಮೇಲೆ ಹಾಲಿವುಡ್ ನಾಯಕನಿದ್ದರೆ ಒಳಗೆ ಬೇರೊಂದೇ ಗೇಮ್ ಇರುತ್ತಿತ್ತು. ಅಸಲಿ ಕಂಪನಿಗಳ ವ್ಯಾಪಾರವೂ ಇದರಿಂದ ತೀರಾ ದೂರವೇನೂ ಇರಲಿಲ್ಲ. ಗೇಮ್ ತಯಾರಿಕೆಯ ವೆಚ್ಚ ವಿಪರೀತ ಏರಿ, ವಿಮರ್ಶೆ ಇಂಟರ್‌ನೆಟ್ಟಿನಲ್ಲಿ ಮೊದಲ ದಿನವೇ ಸಿಗತೊಡಗಿದ ಮೇಲೆ ದೊಡ್ಡ ಕಂಪನಿಗಳು ಮೆಲ್ಲಗೆ ಹಿಂದೆ ಸರಿದವು. ಆ ಜಾಗಕ್ಕೆ ಉಚಿತ ಮೊಬೈಲ್ ಗೇಮ್ ಬಂತು.

ಭಾರತದ ಕಥೆ ಬಹುಮಟ್ಟಿಗೆ ಇಲ್ಲಿಂದಲೇ ಶುರು, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. 2013ರಲ್ಲಿ ‘ಧೂಮ್ 3’ ಗೇಮ್ ಮಾಡಿದ್ದು ಉಡುಪಿಯ 99ಗೇಮ್ಸ್. 2017ರಲ್ಲಿ ‘ಬಾಹುಬಲಿ’ಯನ್ನು ಕೋಟೆ ಕಟ್ಟಿ ಸೈನ್ಯ ಬೆಳೆಸುವ ಗೇಮ್ ಆಗಿಸಿದ್ದು ಬೆಂಗಳೂರಿನ ಮೂನ್‌ಫ್ರಾಗ್ ಲ್ಯಾಬ್ಸ್. ಮೊದಲನೆಯದನ್ನು ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಮಾಡಲಾಯಿತು. ಅದು ಚಿತ್ರದಿಂದ ಬೈಕ್ ಸವಾರಿಯನ್ನಷ್ಟೇ ಎತ್ತಿಕೊಂಡು, ಮುಗಿಯದ ರಸ್ತೆಯ ಮೇಲೆ ಓಡಿಸಿತು. ನನ್ನ ದೃಷ್ಟಿಯಲ್ಲಿ ಅದು ಜಾಣತನದ ಆಯ್ಕೆ. ಆದರೆ ಇಂಥ ಉಚಿತ ಗೇಮ್‌ಗೆ ಹಣ ಬರುವುದು ಆಟಗಾರ ತಿಂಗಳುಗಟ್ಟಲೆ ಉಳಿದರೆ ಮಾತ್ರ. ಚಿತ್ರದ ಕಾವು ಉಳಿಯುವುದು ಕೆಲವೇ ವಾರ.

ಕನ್ನಡ ಚಿತ್ರರಂಗದಲ್ಲಿ ತೊಡಕು ಇನ್ನೊಂದು ಬಗೆಯದು. ಇಲ್ಲಿ ಬಿಡುಗಡೆಯ ದಿನವೇ ಪದೇ ಪದೇ ಮುಂದೆ ಹೋಗುವುದರಿಂದ, ಗೇಮ್ ತಂಡಕ್ಕೆ ಸಮಯ ಸಿಕ್ಕರೂ ಅದನ್ನು ನೆಚ್ಚಿ ಯೋಜನೆ ಹಾಕಲು ಆಗುವುದಿಲ್ಲ, ಕಾಯುವ ತಿಂಗಳುಗಳ ಸಂಬಳವನ್ನು ಯಾರೂ ಕೊಡುವುದಿಲ್ಲ. ಹೊರಗಡೆ ಈಗ ಹಿಡಿದಿರುವ ದಾರಿ ಬೇರೆ: ಯಾವ ಚಿತ್ರದ ಬಿಡುಗಡೆಗೂ ಅಂಟಿಕೊಳ್ಳದೆ, ಹ್ಯಾರಿ ಪಾಟರ್ ಹುಟ್ಟುವುದಕ್ಕೆ ಬಹಳ ಹಿಂದಿನ 1890ರ ದಶಕದಲ್ಲಿ ಕಥೆಯಿಟ್ಟ ‘ಹಾಗ್ವಾರ್ಟ್ಸ್ ಲೆಗಸಿ’ ಎಂಬ ಗೇಮ್ 2023ರಲ್ಲಿ ಎರಡು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಚಿತ್ರವನ್ನು ಬಿಟ್ಟು ಅದರ ಲೋಕದ ಹಕ್ಕನ್ನಷ್ಟೇ ದೀರ್ಘಾವಧಿಗೆ ಕೊಡುವ ಇಂಥ ಒಪ್ಪಂದ ಇಲ್ಲಿಯೂ ನಡೆಯಬೇಕಾದರೆ, ಗೇಮ್ ಎಂಬುದನ್ನು ಪ್ರಚಾರದ ಖರ್ಚಿನಲ್ಲಿ ಬರೆಯುವ ಪದ್ಧತಿಯನ್ನು ನಿರ್ಮಾಪಕರು ಮೊದಲು ಬಿಡಬೇಕಾಗುತ್ತದೆ.