ವೈ ಒತ್ತುವ ಮುಂಚೆ ಆ ಪಟ್ಟಿ ಸ್ವಲ್ಪ ಓದಿ ಮಾರಾಯ್ರೆ

ಲಿನಕ್ಸ್ ಸರ್ವರ್‌ನಲ್ಲಿ ಸಾಫ್ಟ್‌ವೇರ್ ಹಾಕುದು ಅಂದ್ರೆ ಒಂದು ಲೈನ್ ಟೈಪ್ ಮಾಡಿ ಎಂಟರ್ ಒತ್ತುದು, ಅದರಲ್ಲಿ ಎಂತ ಉಂಟು ಅಂತ ಕೇಳುವವರು ತುಂಬಾ ಜನ. ಸುಳ್ಳೇನಲ್ಲ. ಆದ್ರೆ ಎಂಟರ್ ಒತ್ತಿದ ಮೇಲೆ ಆಪ್ಟ್, ಅಂದ್ರೆ ಸಾಫ್ಟ್‌ವೇರ್ ಪ್ಯಾಕೇಜ್ ತಂದು ಹಾಕುವ ಕಮಾಂಡು, ಏನೇನು ಹಾಕ್ತೇನೆ ಅಂತ ಒಂದು ಉದ್ದ ಪಟ್ಟಿ ತೋರಿಸಿ ಮುಂದೆ ಹೋಗ್ಲಾ ಅಂತ ಕೇಳ್ತದಲ್ಲ, ಅಲ್ಲಿ ಹೆಚ್ಚಿನವರು ಓದುದೇ ಇಲ್ಲ, ಸೀದಾ ವೈ, ಅಂದ್ರೆ ಯೆಸ್. ಮಂಗ್ಳೂರು ಉಡುಪಿ ಕಡೆ ಲಾಡ್ಜು, ಕ್ಯಾಟರಿಂಗ್, ದೇವಸ್ಥಾನದ ಸೇವೆ ಬುಕಿಂಗ್ ಇಂಥ ಸಣ್ಣ ಸೈಟುಗಳ ಸರ್ವರ್ ನೋಡ್ಕೊಳ್ಳುವ ನನಗೆ ಬರುವ ಫೋನ್‌ಗಳಲ್ಲಿ ಸುಮಾರೆಲ್ಲ ಆ ವೈಯಿಂದಲೇ ಹುಟ್ಟಿದ್ದು.

ಪಿಎಚ್‌ಪಿ, ಅಂದ್ರೆ ವರ್ಡ್‌ಪ್ರೆಸ್ ಓಡ್ಲಿಕ್ಕೆ ಬೇಕಾದ ಭಾಷೆ, ಅದರ ಕಥೆ ತಗೊಳ್ಳಿ. ಉಬುಂಟು ಅನ್ನುವ ಲಿನಕ್ಸ್ ಇರುವ ಸರ್ವರ್, ಸೈಟ್ ತೋರಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಚೆನ್ನಾಗಿ ಓಡ್ತಾ ಉಂಟು, ಈಗ ಸೈಟ್ ಕಟ್ಟುವ ವರ್ಡ್‌ಪ್ರೆಸ್ ಹಾಕ್ಬೇಕು ಅಂತ ಯಾರೋ 'ಸುಡೊ ಆಪ್ಟ್ ಇನ್‌ಸ್ಟಾಲ್ ಪಿಎಚ್‌ಪಿ' ಅಂತ ಹೊಡೀತಾರೆ (ಸುಡೊ ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ). ಆ ಪಿಎಚ್‌ಪಿ ಪ್ಯಾಕೇಜಿಗೆ ವೆಬ್ ಸರ್ವರ್ ಜೊತೆ ಜೋಡಿಸುವ ಅಪಾಚೆ ಮಾಡ್ಯೂಲ್, ಎಫ್‌ಪಿಎಂ, ಸಿಜಿಐ ಈ ಮೂರರಲ್ಲಿ ಒಂದು ಬೇಕೇ ಬೇಕು, ಯಾವುದೂ ಇಲ್ಲದಿದ್ರೆ ಆಪ್ಟ್ ಮೊದಲನೇದನ್ನೇ ಎಳ್ಕೊಳ್ತದೆ, ಅದರ ಬಾಲ ಹಿಡ್ಕೊಂಡು ಇಡೀ ಅಪಾಚೆ, ಅದೂ ಒಂದು ವೆಬ್ ಸರ್ವರೇ, ಬಂದು ಕೂತ್ಕೊಳ್ತದೆ. ಪಟ್ಟಿಯಲ್ಲಿ 'ಅಪಾಚೆ2' ಅಂತ ಸ್ಪಷ್ಟ ಬರೆದಿರ್ತದೆ ಮತ್ತೆ, ಓದಿದವರಿಗೆ. ಅಪಾಚೆ ಸ್ಟಾರ್ಟ್ ಆಗ್ಲಿಕ್ಕೆ ನೋಡ್ತದೆ, ಬ್ರೌಸರ್ ಬಂದು ತಟ್ಟುವ ಬಾಗಿಲು ಪೋರ್ಟ್ 80 ಎಂಜಿನ್‌ಎಕ್ಸ್ ಕೈಯಲ್ಲಿ, ಹಾಗಾಗಿ ಫೇಲ್. ಸೈಟ್ ಓಡ್ತಾನೇ ಇರ್ತದೆ, ಯಾರಿಗೂ ಗೊತ್ತೇ ಆಗುದಿಲ್ಲ. ಮುಂದೆ ಎಂದೋ ರೀಬೂಟ್ ಮಾಡಿದಾಗ ಎರಡೂ ಓಡಿ ಬರ್ತವೆ, ಮೊದಲು ಬಂದವನಿಗೆ ಪೋರ್ಟು, ಅಪಾಚೆ ಗೆದ್ರೆ ನಿಮ್ಮ ಲಾಡ್ಜಿನ ಫೋಟೋ ಇರುವ ಜಾಗದಲ್ಲಿ ಅಪಾಚೆಯ ಡಿಫಾಲ್ಟ್ ಪೇಜು! ಆಗ ಹ್ಯಾಕ್ ಆಗಿದೆ ಅಂತ ಫೋನ್ ಬರ್ತದೆ.

ಎಂಜಿನ್‌ಎಕ್ಸ್ ಇರುವಲ್ಲಿ 'ಪಿಎಚ್‌ಪಿ-ಎಫ್‌ಪಿಎಂ' ಅಂತ ಹೆಸರು ಹಿಡಿದು ಕೇಳಿ, ಜೊತೆಗೆ 'ಪಿಎಚ್‌ಪಿ-ಮೈಎಸ್‌ಕ್ಯೂಎಲ್', ಅದಿಲ್ಲದೆ ವರ್ಡ್‌ಪ್ರೆಸ್ ಏಳುದಿಲ್ಲ. ಡೌಟ್ ಇದ್ರೆ ಕಮಾಂಡಿಗೆ ಮೈನಸ್ ಎಸ್ ಸೇರಿಸಿ, ಏನೂ ಹಾಕದೆ ಏನೇನು ಹಾಕ್ತೇನೆ ಅಂತ ಮಾತ್ರ ಹೇಳ್ತದೆ.

ಅಪ್‌ಡೇಟ್ ಅಂದ್ರೆ ಯಾವ ಪ್ಯಾಕೇಜ್ ಸಿಗ್ತದೆ ಅನ್ನುವ ಪಟ್ಟಿ ಹೊಸದು ಮಾಡುದು ಅಷ್ಟೇ, ಪ್ಯಾಕೇಜ್ ಬದಲಾಗುದು ಅಪ್‌ಗ್ರೇಡ್‌ನಲ್ಲಿ. ಇದು ಎಲ್ಲರಿಗೂ ಗೊತ್ತಿರುದೇ, ಬಿಡಿ.

ಇನ್ನೊಂದು ವೈ ಅಪ್‌ಗ್ರೇಡ್ ಮಧ್ಯದಲ್ಲಿ ಬರ್ತದೆ, ಅದು ಇದಕ್ಕಿಂತ ಅಪಾಯ. ನೀವು ಕೈಯಾರೆ ತಿದ್ದಿದ ಕಾನ್ಫಿಗ್ ಫೈಲಿಗೆ ಪ್ಯಾಕೇಜಿನವರು ಹೊಸ ವರ್ಶನ್ ಕಳಿಸಿದ್ರೆ ಯಾವುದನ್ನು ಇಟ್ಕೊಳ್ಬೇಕು ಅಂತ ಕೇಳ್ತದೆ. ಸುಮ್ಮನೆ ಎಂಟರ್ ಒತ್ತಿದ್ರೆ ನಿಮ್ಮದು ಉಳೀತದೆ. ಅಭ್ಯಾಸ ಬಲದಲ್ಲಿ ವೈ ಒತ್ತಿದ್ರೆ ನಿಮ್ಮ ಸೆಟ್ಟಿಂಗ್ ಹೋಗಿ ಅವರದ್ದು ಬರ್ತದೆ. ಡಿ ಒತ್ತಿ ವ್ಯತ್ಯಾಸ ನೋಡಿ ಆಮೇಲೆ ತೀರ್ಮಾನ ಮಾಡಿ. ಒತ್ತಿಯೇ ಬಿಟ್ರೆ ಗಾಬರಿ ಬೇಡ, ಹಳೇದು ಅಲ್ಲೇ 'ಡಿಪಿಕೆಜಿ-ಓಲ್ಡ್' ಅಂತ ಬಾಲ ಹಚ್ಕೊಂಡು ಇರ್ತದೆ.

ಇದನ್ನೆಲ್ಲ ಟಿಮಕ್ಸ್, ಅಂದ್ರೆ ಕನೆಕ್ಷನ್ ಹೋದ್ರೂ ಸರ್ವರಿನಲ್ಲಿ ಕೆಲಸ ನಿಲ್ಲಿಸದ ಟರ್ಮಿನಲ್, ಅದರ ಒಳಗೆ ಮಾಡಿ. ನಮ್ಮಲ್ಲಿ ಜೂನ್ ಜುಲೈ ಮಳೆಗೆ ಕರೆಂಟ್ ಹೋಗಿ ವೈಫೈ ಸತ್ತರೆ ಎಸ್‌ಎಸ್‌ಎಚ್, ಅಂದ್ರೆ ದೂರದ ಸರ್ವರಿಗೆ ಲಾಗಿನ್ ಆದ ಕನೆಕ್ಷನ್, ಕಟ್, ಅಪ್‌ಗ್ರೇಡ್ ಅರ್ಧಕ್ಕೆ. ಟಿಮಕ್ಸ್ ಇದ್ರೆ ಮೊಬೈಲ್ ನೆಟ್ಟಲ್ಲಿ ವಾಪಸ್ ಹೋಗಿ ಬಿಟ್ಟಲ್ಲಿಂದ ನೋಡ್ಬಹುದು, ಇಲ್ಲದೆ ನಿಂತೇ ಹೋಗಿದ್ರೆ 'ಸುಡೊ ಡಿಪಿಕೆಜಿ ಮೈನಸ್ ಮೈನಸ್ ಕಾನ್ಫಿಗರ್ ಮೈನಸ್ ಎ' ಹೊಡೆದು ಪೂರ್ತಿ ಮಾಡ್ಬೇಕು. ಲಾಕ್ ಆಗಿದೆ ಅಂತ ಬಂದ್ರೆ ಲಾಕ್ ಫೈಲ್ ಅಳಿಸುವ ಬುದ್ಧಿ ಮಾತ್ರ ಬೇಡ, ಹೆಚ್ಚಾಗಿ ಸೆಕ್ಯುರಿಟಿ ಅಪ್‌ಡೇಟ್ ತನ್ನಷ್ಟಕ್ಕೆ ಓಡ್ತಾ ಇರ್ತದೆ, ಚಾ ಕುಡಿದು ಬನ್ನಿ.

ವರ್ಶನ್ ಹಳೇದಾಯ್ತು ಅಂತ ಗಲಾಟೆ ಮಾಡುವವರಿಗೂ ಒಂದು ಮಾತು. ಉಬುಂಟು 22.04ರಲ್ಲಿ ಪಿಎಚ್‌ಪಿ 8.1, 24.04ರಲ್ಲಿ 8.3, ಆ ರಿಲೀಸ್ ಇರುವಷ್ಟು ದಿನ ನಂಬರ್ ಹಾಗೇ. ಭದ್ರತೆಯ ಪ್ಯಾಚ್‌ಗಳನ್ನು ಆ ಹಳೇ ನಂಬರಿಗೇ ಹೊಲಿದು ಕೊಡ್ತಾರೆ, ಎಲ್‌ಟಿಎಸ್, ಅಂದ್ರೆ ದೀರ್ಘಕಾಲ ಬೆಂಬಲ ಇರುವ ರಿಲೀಸ್, ಅದಕ್ಕೆ ಮಾಮೂಲಿ 5 ವರ್ಷ. ಹೊಸ ನಂಬರಿನ ಆಸೆಗೆ ಎಲ್ಲೋ ಸಿಕ್ಕಿದ ಸ್ಕ್ರಿಪ್ಟನ್ನು ಕರ್ಲ್ ಕಮಾಂಡಿನಲ್ಲಿ ಇಂಟರ್ನೆಟ್ಟಿಂದ ಎಳೆದು ಸೀದಾ ಪೂರ್ತಿ ಅಧಿಕಾರ ಇರುವ ರೂಟ್‌ಗೆ ಉಣಿಸುದನ್ನು ನಾನಂತೂ ಒಪ್ಪುದಿಲ್ಲ, ಆಪ್ಟ್ ತನ್ನ ರೆಪೊದ, ಅಂದ್ರೆ ಪ್ಯಾಕೇಜ್ ಉಗ್ರಾಣದ, ಸಹಿ ಚೆಕ್ ಮಾಡ್ತದೆ, ಆ ಸ್ಕ್ರಿಪ್ಟಿಗೆ ಯಾರ ಸಹಿ?

ಕೊನೆಗೆ ಸೈಟ್ ಬಿದ್ದಾಗ 'ನಾವೆಂತದ್ದೂ ಮುಟ್ಲಿಲ್ಲ' ಅಂತಾರೆ ಎಲ್ಲರೂ. ವಾದ ಮಾಡುದು ಬೇಡ. 'ವಾರ್ ಲಾಗ್ ಆಪ್ಟ್' ಫೋಲ್ಡರಲ್ಲಿ ಹಿಸ್ಟರಿ ಲಾಗ್ ತೆರೀರಿ. ತಾರೀಕು, ಗಂಟೆ, ಹೊಡೆದ ಕಮಾಂಡು, ಬಂದ ಪ್ಯಾಕೇಜು ಎಲ್ಲ ಉಂಟು, ಸುಡೊದಲ್ಲಿ ಹೊಡೆದಿದ್ರೆ ಯಾರ ಲಾಗಿನ್ನಿಂದ ಅಂತ ಸಹ.